ಬಲೆಯ ಕಣ್ಣು, ಆಯಿಯ ಕಣ್ಣು

ಹುಬ್ಬಳ್ಳಿಯಲ್ಲಿ ಸಮುದ್ರ ಎಲ್ಲಿದೆ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ನಾನೊಂದು ದ್ವೀಪದೇಶದಲ್ಲಿದ್ದೆ. ಅಲ್ಲಿಯ ದಡದ ಹಳ್ಳಿಗಳ ಸಣ್ಣ ಮೀನುಗಾರರು ಯಾವ ತಿಂಗಳು ಬಲೆ ಹಾಕಬೇಕು, ಯಾವ ತಿಂಗಳು ಹಾಕಬಾರದು, ಎಷ್ಟು ಉದ್ದದ ಮೀನನ್ನು ನೀರಿಗೆ ವಾಪಸು ಬಿಡಬೇಕು ಎಂದು ತಾವೇ ಕೂತು ಗೊತ್ತುಮಾಡಿಕೊಳ್ಳುತ್ತಾರೆ. ಅವರ ಆ ಮಾತುಕತೆಗೆ ನೆರವಾಗುವುದು ನನ್ನ ಕೆಲಸ. ಮೊದಲ ಸಭೆ ತೆಂಗಿನ ಗರಿಯ ಚಪ್ಪರದ ಕೆಳಗೆ ನಡೆಯಿತು. ಅಲ್ಲಿಯ ಒಬ್ಬ ಮುದುಕ ನನ್ನ ಊರು ಯಾವುದೆಂದು ಕೇಳಿ, ಮೊಮ್ಮಗಳ ಮೊಬೈಲಿನಲ್ಲಿ ನಕಾಶೆ ತೆಗೆಸಿ, ಹುಬ್ಬಳ್ಳಿಯ ಸುತ್ತ ಬೆರಳಾಡಿಸಿದ. ಎಲ್ಲಿಯೂ ನೀಲಿ ಬಣ್ಣ ಸಿಗಲಿಲ್ಲ. ದಿಕ್ಕಿಲ್ಲದ ಹೆಂಗಸನ್ನು ನೋಡುವಂತೆ ನನ್ನನ್ನು ನೋಡಿ, ನಿನಗೆ ಮೀನಿನ ವಿಷಯ ಕಲಿಸಿದವರು ಯಾರು ಎಂದು ಕೇಳಿದ. ನಮ್ಮ ಮನೆಯವರು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬರೆದಿಡದಿದ್ದರೆ ನಾಳೆ ನನ್ನ ಮಕ್ಕಳಿಗೂ ಬರಲಿಕ್ಕಿಲ್ಲ.

ಮನೆ ಇದ್ದದ್ದು ಬೈರಿದೇವರಕೊಪ್ಪದಲ್ಲಿ. ಈಗ ಅಲ್ಲಿ ನಾಲ್ಕಂತಸ್ತಿನ ಮನೆಗಳೂ ಕಾರು ನಿಲ್ಲಿಸಲು ಜಗಳವೂ ಇವೆ. ನಾನು ಚಿಕ್ಕವಳಿದ್ದಾಗ ಅದು ಹುಬ್ಬಳ್ಳಿಗೆ ಅಂಟಿಯೂ ಅಂಟದಂತಿದ್ದ ಹಳ್ಳಿ. ಊರ ಹಿಂದೆ ಕೆರೆ, ಕೆರೆಯ ಏರಿಯ ಕೆಳಗೆ ನಮ್ಮವರ ಹನ್ನೊಂದು ಮನೆ. ಹನ್ನೊಂದೂ ಮೀನು ಹಿಡಿಯುವವರವು. ಮೊದಲನೆಯದು ನಮ್ಮದು: ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಹಿತ್ತಲು. ಪಡಸಾಲೆಯ ತೊಲೆಗಳಿಗೆ ಬಲೆಗಳನ್ನು ತೂಗಿಹಾಕಿರುತ್ತಿದ್ದರು. ತಲೆ ಬಗ್ಗಿಸದೆ ಒಳಗೆ ಬಂದವರು ಸಿಕ್ಕಿಕೊಳ್ಳುತ್ತಿದ್ದರು. ನನ್ನ ಸೋದರತ್ತೆಯನ್ನು ನೋಡಲು ಬಂದ ವರನ ಟೋಪಿ ಹಾಗೆಯೇ ಸಿಕ್ಕಿ, ಅಜ್ಜ 'ಬಲ್ಯಾಗ ಬಿದ್ದೈತಿ, ಬಿಡಬ್ಯಾಡ್ರಿ' ಎಂದು ಕೂಗಿ, ಎಲ್ಲರೂ ನಕ್ಕು, ಆ ನಗುವಿನಲ್ಲೇ ಸಂಬಂಧ ಗಟ್ಟಿಯಾಯಿತಂತೆ. ಮನೆಯಲ್ಲಿ ಐದು ಜನ. ಅಜ್ಜ ಹನ್ನೊಂದು ಮನೆಗೂ ಹಿರಿಯ. ಅವನ ಹೆಂಡತಿ, ಅಂದರೆ ನನ್ನ ಅಜ್ಜಿ, ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಅಪ್ಪ ಅವರ ಮಗ. ಅವ್ವ ಬುಟ್ಟಿ ಹೊತ್ತು ಕಮರಿಪೇಟೆಯ ಓಣಿಗಳಲ್ಲಿ ಮೀನು ಮಾರುವಾಕೆ. ಕೊನೆಗೆ ನಾನು, ನೀಲಾ, ಮನೆಯಲ್ಲಿ ನೀಲಿ. ಸಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವಳ ಮನೆಯವರೇ ಭಾನುವಾರ ನಮ್ಮವ್ವನ ಬುಟ್ಟಿಯ ದಾರಿ ಕಾಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಹೇಳಿಯೂ ಬಿಟ್ಟಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಅದಕ್ಕೇ ಆ ಒಂದು ಮಳೆಗಾಲ ಬಾಯಿ ಮುಚ್ಚಿಕೊಂಡಿದ್ದು ನನಗಿನ್ನೂ ನೆನಪಿದೆ.

ಕಾರಹುಣ್ಣಿಮೆ ದಾಟಿದ ಮೊದಲ ಶುಕ್ರವಾರ ನಮ್ಮ ಮಂದಿ ಕೆರೆಗೆ ಕುಬಸ ಮಾಡುತ್ತಿದ್ದರು. ಬಸುರಿಗೆ ಕುಬಸ ಮಾಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ: ಹಸಿರು ಬಳೆ ಇಡಿಸಿ, ಹೊಸ ಕುಬಸ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವುದು. ಮಳೆ ಬಿದ್ದು ಹೊಸ ನೀರು ಬಂದಾಗ ಮೀನುಗಳ ಹೊಟ್ಟೆಯಲ್ಲಿ ತತ್ತಿ ತುಂಬುತ್ತದಲ್ಲ, ಆದ್ದರಿಂದ ನಮ್ಮವರ ಲೆಕ್ಕದಲ್ಲಿ ಕೆರೆಯೇ ಬಸುರಿ. ಹನ್ನೊಂದು ಮನೆಯ ಹೆಂಗಸರು ಖಣ, ಹಸಿರು ಬಳೆ, ಅರಿಸಿನ ಕುಂಕುಮ, ತೆಂಗಿನಕಾಯಿ, ಕಡಬು, ಮೊಸರನ್ನ ಹೊತ್ತು ಏರಿ ಹತ್ತುತ್ತಿದ್ದರು. ಆಯಿ ಮೊಣಕಾಲವರೆಗೆ ನೀರಿಗಿಳಿದು ಹಾಡು ಹೇಳುತ್ತ ಖಣವನ್ನು ನೀರಿನ ಮೇಲೆ ಹಾಸುತ್ತಿದ್ದಳು. ಅವತ್ತು ಹನ್ನೊಂದು ಮನೆಯಲ್ಲೂ ಮೀನಿಲ್ಲ. ಬಸುರಿಯ ಮುಂದೆ ಕೂತು ಅವಳ ಕೂಸನ್ನು ತಿನ್ನಲಾದೀತೆ? ಕುಬಸವಾದ ಮೇಲೆ ಬನ್ನಿ ಹಬ್ಬದ ಮರುದಿನದ ತನಕ ಯಾರೂ ಕೆರೆಗೆ ಬಲೆ ಇಳಿಸುವಂತಿರಲಿಲ್ಲ. ಗಂಡಸರು ಪೇಟೆಯ ಕಾಳಿನ ಮಂಡಿಯಲ್ಲಿ ಚೀಲ ಹೊರುತ್ತಿದ್ದರು, ಅವ್ವ ಕಾರವಾರದಿಂದ ಬಂದ ಒಣಮೀನು ಮಾರುತ್ತಿದ್ದಳು, ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಮತ್ತೆ ರೊಟ್ಟಿ, ಮತ್ತೆ ಪುಂಡಿಪಲ್ಯ.

ಆ ಪುಂಡಿಪಲ್ಯದ ಮೇಲೆಯೇ ಪ್ರತಿ ವರ್ಷ ಜಗಳ ಹುಟ್ಟುತ್ತಿತ್ತು. ಅಪ್ಪನಿಗೆ ಚೀಲ ಹೊತ್ತು ಹೆಗಲು ಬಾತಿರುತ್ತಿತ್ತು. ಮನೆಯ ಹಿಂದೆ ನೀರು ತುಂಬಿದ ಕೆರೆ, ಕೆರೆಯ ತುಂಬ ಮೀನು, ತಟ್ಟೆಯಲ್ಲಿ ಪುಂಡಿಪಲ್ಯ.

"ಬ್ಯಾರೆ ಊರಾಗ ವರ್ಷಪೂರ್ತಿ ಹಿಡಿತಾರ. ನಾವ ಮೀನಿಗೆ ಕುಬಸ ಮಾಡಿ ಹುಣಸಿಹುಳಿ ನೆಕ್ಕೋತ ಕುಂತೇವಿ. ಮಂಡಿಯಾಗ ಮಂದಿ ನಗತಾರ, ಅಪ್ಪಾ."

"ನಗಲಿ. ಬಿತ್ತಾಕ ಇಟ್ಟ ಬೀಜ ಹುರಕೊಂಡ ತಿಂದಾವ ಮುಂದಿನ ವರ್ಷ ಏನ ಮಣ್ಣ ತಿಂತಾನೇನ?"

"ಎಲ್ಲಾದಕ್ಕೂ ಒಂದ ಮಾತ ಇಟ್ಟಿರತಿ ನೀ."

"ಒಂದs ಇಟ್ಟೇನಿ. ಎರಡ ಇಟ್ಟಿದ್ರ ನಿನಗ ತಿಳೀತಿರಲಿಲ್ಲ."

ಅವ್ವ ನಡುವೆ ಬಂದು ಇಬ್ಬರ ತಟ್ಟೆಗೂ ಒಂದೊಂದು ಬಿಸಿ ರೊಟ್ಟಿ ಎಸೆಯುತ್ತಿದ್ದಳು. ಜಗಳಕ್ಕೆ ಅದೇ ಮುಕ್ತಾಯ. ನಾನು ಒಳಗೊಳಗೇ ಅಪ್ಪನ ಕಡೆಗಿದ್ದೆ. ಮೀನಿನ ಸಾರಿನ ಆಸೆ ಯಾರಿಗಿಲ್ಲ?

ಬಲೆ ಇಳಿಸದ ಆ ನಾಲ್ಕು ತಿಂಗಳು ಬಲೆ ಹೆಣೆಯುವ ತಿಂಗಳು. ಹೆಣೆಯುವುದು ಹೆಂಗಸರ ಕೆಲಸ, ಅದರಲ್ಲಿ ಆಯಿಯನ್ನು ಮೀರಿಸಿದವರಿರಲಿಲ್ಲ. ಬಲೆಯ ಒಂದೊಂದು ತೂತಿಗೂ ನಮ್ಮಲ್ಲಿ ಕಣ್ಣು ಎನ್ನುತ್ತಾರೆ. ಎಡಗೈಯ ನಾಲ್ಕು ಬೆರಳು ಜೋಡಿಸಿ, ದಾರವನ್ನು ಅವುಗಳ ಸುತ್ತ ಸುತ್ತಿ, ಬಿದಿರಿನ ಸೂಜಿಯಿಂದ ಗಂಟು ಹಾಕಿದರೆ ಒಂದು ಕಣ್ಣು. ಅಷ್ಟು ದೊಡ್ಡ ಕಣ್ಣಿದ್ದರೆ ಮರಿಗಳು ನುಸುಳಿಕೊಂಡು ಹೋಗುತ್ತವೆ, ಬೆಳೆದ ಮೀನು ಮಾತ್ರ ನಿಲ್ಲುತ್ತದೆ. ನಾಲ್ಕು ಬೆರಳಿಗಿಂತ ಸಣ್ಣ ಕಣ್ಣಿನ ಬಲೆ ಇಳಿಸಿದ ಮನೆ ಮುಂದಿನ ಕುಬಸದ ತನಕ ಕೆರೆಗೆ ಇಳಿಯುವಂತಿಲ್ಲ. ಕುಬಸದಷ್ಟೇ ಹಳೆಯ ಕಟ್ಟಳೆ ಇದು. ಬನ್ನಿಯ ಮರುದಿನ ಅಜ್ಜ ಏರಿಯ ಮೇಲೆ ನಿಂತು ಪ್ರತಿ ಬಲೆಯ ಕಣ್ಣಿಗೂ ತನ್ನ ನಾಲ್ಕು ಬೆರಳು ತೂರಿಸಿ ನೋಡುತ್ತಿದ್ದ. ಆಯಿ ಹೆಣೆದ ಬಲೆಯನ್ನು ಮಾತ್ರ ನೋಡುತ್ತಿರಲಿಲ್ಲ. 'ಇದು ನಮ್ಮ ಮನಿಯಾಕಿದು, ಹೋಗಲಿ' ಎಂದು ಕೈ ಬೀಸುತ್ತಿದ್ದ. ಆ ಕೈ ಬೀಸುವಿಕೆಯಲ್ಲಿ ಎಷ್ಟು ಜಂಬವಿರುತ್ತಿತ್ತೆಂದರೆ ಆಯಿ ಸೆರಗು ಎಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗಿನ ಮಳೆಗಾಲದಲ್ಲಿ ಕೊನೆಯ ಮನೆಯ ದುರ್ಗವ್ವ ಬಂದಳು. ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಹನುಮಂತ ಆಗಷ್ಟೇ ಹರಿಗೋಲು ಹಿಡಿಯಲು ಕಲಿತಿದ್ದ. ಅವಳ ಕೈಯಲ್ಲಿ ನಾವು ಯಾರೂ ನೋಡಿರದ ದಾರದ ಉಂಡೆಯೊಂದಿತ್ತು: ತೆಳ್ಳಗೆ, ನುಣ್ಣಗೆ, ನೀರಿನ ಬಣ್ಣ.

"ಯಕ್ಕಾ, ನೈಲಾನ್ ಅಂತರಿ ಇದು. ಕೊಳಿಯಂಗಿಲ್ಲ ಅಂತ. ನೀವs ಹೆಣದ ಕೊಡ್ರಿ. ನಿಮ್ಮ ಕೈಲೆ ಆದ್ರ ನನ್ನ ಮಗನ ಬಲಿ ಅಜ್ಜಾರ ನೋಡದs ಬಿಡತಾರ."

ಆಯಿ ನಕ್ಕು ಉಂಡೆ ಇಸಿದುಕೊಂಡಳು. ದುರ್ಗವ್ವ ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಬೆಳಕಿಗೆ ಕೂತು ಹೆಣೆಯತೊಡಗಿದಳು. ಗಂಟು ಜಾರಿತು. ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಜಾರಿತು. ದಾರವನ್ನು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು. ನಾನು ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದೆ. ಉಂಡೆ ಅವಳ ತೊಡೆಯಿಂದ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಅವಳು ತನ್ನ ಸುತ್ತಲಿನ ನೆಲವನ್ನೆಲ್ಲ ಅಂಗೈಯಿಂದ ಸವರಿ ಹುಡುಕಿದಳು. ಕಣ್ಣೆದುರಿಗಿದ್ದ ಉಂಡೆ ಅವಳಿಗೆ ಕಾಣಲಿಲ್ಲ.

"ಆಯೀ, ಇಲ್ಲೇ ಐತಲ್ಲ!"

ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, ಬಾಗಿಲ ಕಡೆ ಕಿವಿಗೊಟ್ಟು, ಎಲ್ಲ ಹೇಳಿದಳು. ಎರಡು ಮಳೆಗಾಲದಿಂದ ಕಣ್ಣಿಗೆ ಮಂಜು ಕವಿದಂತಾಗಿತ್ತು. ಹತ್ತಿಯ ದಾರ ಒರಟು, ಅದನ್ನು ಬೆರಳೇ ಕಾಣುತ್ತಿತ್ತು. ಹಾಗಾಗಿ ಯಾರಿಗೂ ಗೊತ್ತಾಗದಂತೆ ಹೆಣೆಯುತ್ತ ಬಂದಿದ್ದಳು. ಈ ನೈಲಾನ್ ಬೆರಳಿಗೂ ಸಿಗಲಿಲ್ಲ.

"ಅಜ್ಜಗ ಹೇಳೂಣು," ಎಂದೆ.

"ಬ್ಯಾಡ! ಕಣ್ಣ ಹೋದ ಮುದುಕಿನ ಏನ ಮಾಡತಾರ ಗೊತ್ತೈತೇನ? ಮೂಲ್ಯಾಗ ಕುಂದ್ರಸ್ತಾರ. ತಾಟ ಮುಂದ ತಂದಿಡತಾರ. ಬಲಿ ಮುಟ್ಟಗೊಡಂಗಿಲ್ಲ, ಒಲಿ ಮುಟ್ಟಗೊಡಂಗಿಲ್ಲ. ನಾ ಹೇಳಿಕೊಡತೇನಿ, ನೀ ಹೆಣಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಹಾಕು, ಕೆರೀ ಆಣಿ ಹಾಕು."

ಹಾಕಿದೆ. ಕೆರೆಯ ಆಣೆ ಮುರಿದರೆ ಕೆರೆ ಬತ್ತುತ್ತದೆ ಎಂದು ನಮ್ಮ ಓಣಿಯ ಮಕ್ಕಳೆಲ್ಲ ನಂಬಿದ್ದೆವು. ಅದಕ್ಕಿಂತ ಹೆಚ್ಚಾಗಿ ಆಯಿಯ ಗುಟ್ಟು ನನ್ನ ಕೈಯಲ್ಲಿದೆ ಎಂಬ ಹಿಗ್ಗು. ಸಾಲೆ ಬಿಟ್ಟ ಕೂಡಲೇ ಓಡಿ ಬಂದು ಹಿತ್ತಲಲ್ಲಿ ಕೂಡುತ್ತಿದ್ದೆ. ಅವ್ವ ಹಾದುಹೋದರೆ ಆಯಿ ಸೂಜಿಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಳು. ಅವಳು ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಮಾಡಿದೆ. ನಾಲ್ಕು ಬೆರಳು ಜೋಡಿಸು ಎಂದಳು, ಜೋಡಿಸಿದೆ. ಸುತ್ತು ಎಂದಳು, ಸುತ್ತಿದೆ. ಜಾರದಂತೆ ಎರಡು ಸಲ ಗಂಟು ಹಾಕು ಎಂದಳು, ಹಾಕಿದೆ. ಮಹಾನವಮಿಯ ಹೊತ್ತಿಗೆ ಬಲೆ ಮುಗಿಯಿತು. ಗಂಟು ಜಾರೀತೆಂಬುದೊಂದೇ ಆಯಿಯ ಚಿಂತೆ; ಬೆರಳ ತುದಿಯಿಂದ ಗಂಟುಗಳನ್ನಷ್ಟೇ ಒಂದೊಂದಾಗಿ ಒತ್ತಿ ನೋಡಿ, 'ನನಗಿಂತ ಗಟ್ಟಿ ಹಾಕೀದಿ' ಎಂದಳು. ಆ ವರ್ಷದ ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಬನ್ನಿಯ ಮರುದಿನ ಬೆಳಿಗ್ಗೆ ಹನ್ನೊಂದು ಹರಿಗೋಲು ನೀರಿಗಿಳಿಯಲು ಸಜ್ಜಾದವು. ಅಜ್ಜ ಎಲ್ಲರ ಬಲೆಗೂ ಬೆರಳು ತೂರಿಸಿದ. ದುರ್ಗವ್ವನ ಬಲೆಗೆ, ಆಯಿಯ ಕೈಯದೆಂದು, ಎಂದಿನಂತೆ ಕೈ ಬೀಸಿದ. ನನಗೆ ಹೆಮ್ಮೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಒಂದೊಂದೇ ಹರಿಗೋಲು ದಡಕ್ಕೆ ಬಂದವು, ಮೊಳದುದ್ದದ ಮೀನುಗಳೊಂದಿಗೆ. ಎಲ್ಲರಿಗಿಂತ ಕೊನೆಗೆ ಹನುಮಂತ ಬಂದ. ಅವನ ಬಲೆ ಎಲ್ಲರದಕ್ಕಿಂತ ತುಂಬಿತ್ತು. ಎಳೆದು ದಡಕ್ಕೆ ಹಾಕಿದಾಗ ಮಿಣಮಿಣ ಮಿಂಚಿತು. ಬಲೆಯ ಒಂದೊಂದು ಕಣ್ಣಿಗೂ ಒಂದೊಂದು ಮರಿ ಕುತ್ತಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಮಳೆಗಾಲದಲ್ಲಿ ಹುಟ್ಟಿದ ಮರಿಗಳು, ಗೇಣುದ್ದವೂ ಇಲ್ಲದವು. ಅಜ್ಜ ಬಂದು ಬಗ್ಗಿ ಒಂದು ಕಣ್ಣಿಗೆ ಬೆರಳು ತೂರಿಸಿದ. ಎರಡು ಬೆರಳು ಹೋದವು, ಮೂರನೆಯದು ಬಿಗಿಯಾಯಿತು, ನಾಲ್ಕನೆಯದು ಹೊರಗೇ ಉಳಿಯಿತು.

"ಮದ್ಲ ನೀರಿಗೆ ಬಿಡ್ರಿ! ನ್ಯಾಯ ಆಮ್ಯಾಲ!" ಎಂದು ಕೂಗಿದ.

ಎಲ್ಲರೂ ಬಲೆಯ ಮೇಲೆ ಬಿದ್ದರು. ಹೆಂಗಸರು, ಮಕ್ಕಳು, ಹನುಮಂತ, ಅಪ್ಪ, ನಾನು. ಬಲೆಯನ್ನು ನೀರೊಳಗೆಳೆದು, ಮರಿಗಳನ್ನು ಹಿಂದಕ್ಕೆ ಜಗ್ಗಿ ಬಿಡಿಸಿ ಬಿಟ್ಟೆವು. ಕೆಲವು ಹೊಟ್ಟೆ ಮೇಲಾಗಿ ತೇಲಿದವು. ಬಹಳಷ್ಟು ಬಾಲ ಬಡಿದು ಕೆಳಗೆ ಇಳಿದುಹೋದವು. ನನ್ನ ಬೆರಳುಗಳು ಆ ಕಣ್ಣುಗಳಲ್ಲಿ ಸಲೀಸಾಗಿ ಆಡುತ್ತಿದ್ದವು, ದೊಡ್ಡವರ ಬೆರಳು ಸಿಕ್ಕಿಕೊಳ್ಳುತ್ತಿದ್ದವು. ಆಗಲೇ ನನಗೆ ಗೊತ್ತಾಯಿತು.

ಅಜ್ಜ ಏರಿಯ ಮೇಲೆ ಹೋಗಿ ನಿಂತ. ದುರ್ಗವ್ವ ಒದ್ದೆ ಸೀರೆಯಲ್ಲೇ ಅವನೆದುರು ಬಂದಳು.

"ಅಜ್ಜಾರ, ನನಗ ಗೊತ್ತಿಲ್ರಿ. ನಿಮ್ಮ ಮನ್ಯಾಗ ಹೆಣದ ಬಲಿರಿ ಇದು."

"ನಮ್ಮ ಮನಿಯಾಕಿ ಹೆಣಿಯಾಕ ಕುಂತಾಗ ನೀ ಇನ್ನೂ ತೊಟ್ಟಿಲದಾಗ ಇದ್ದಿ. ಇವತ್ತಿನ ತನಕ ಒಂದ ಕಣ್ಣ ತಪ್ಪಿಲ್ಲ ಅಕಿ. ಅಕಿ ಹೆಣದದ್ದ ಬದಲಿಸಿ ಇದನ್ನ ಎಲ್ಲೆ ಹೆಣಿಸಿ ತಂದಿ, ಖರೇ ಹೇಳು."

"ಮಗನ ಆಣಿರಿ! ನಿಮ್ಮ ಮನ್ಯಾಗs ದಾರ ಕೊಟ್ಟಿದ್ನಿ, ಅಲ್ಲೇ ಬಲಿ ಇಸಗೊಂಡಿನಿ. ಯಕ್ಕಾ, ನೀವರ ಹೇಳ್ರಿ!"

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಬಾಯಿ ಬಿಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಅವಳ ಸುಮ್ಮನಿರುವಿಕೆಯನ್ನು ಮಂದಿ ತಮಗೆ ತಿಳಿದಂತೆ ತಿಳಿದುಕೊಂಡರು. 'ಹಿಂಗ ಮಾಡಬಾರದಿತ್ತು ದುರ್ಗವ್ವ' ಎಂದು ಯಾರೋ ಅಂದರು. ದುರ್ಗವ್ವ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕೂತಳು. ಕೆರೆಗಿಳಿಯದ ಒಂದು ವರ್ಷ ಎಂದರೆ ಅವಳ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂಬುದು ನನ್ನಂಥ ಸಣ್ಣವಳಿಗೂ ಗೊತ್ತಿತ್ತು. ನಾನು ಆಯಿಯನ್ನು ನೋಡಿದೆ. ಹೇಳು, ನೀನೇ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅಜ್ಜ ಕಟ್ಟಳೆಯ ಮಾತು ಹೇಳಲು ಗಂಟಲು ಸರಿಮಾಡಿಕೊಂಡ.

"ನಾ ಹೆಣದೀನಿ!"

ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ಅಜ್ಜ ಕಣ್ಣು ಕಿರಿದು ಮಾಡಿದ.

"ನೀ? ಯಾಕ?"

"ಆಯಿಗೆ ಆ ದಾರ ಕಾಣಂಗಿಲ್ಲ. ಎರಡ ಮಳಿಗಾಲ ಆತು, ಅಕಿಗೆ ಕಣ್ಣ ಕಾಣವೊಲ್ವು. ನಾಲ್ಕ ಬೆರಳ ಸುತ್ತು ಅಂದ್ಲು. ನಾ ನಾಲ್ಕs ಸುತ್ತೀನಿ ಅಜ್ಜಾ. ಒಂದೂ ಕಡಿಮಿ ಮಾಡಿಲ್ಲ."

ಅಳತೊಡಗಿದೆ. ಅಜ್ಜ ಕೆಳಗಿಳಿದು ಬಂದು ನನ್ನ ಕೈ ಹಿಡಿದ, ಬಲೆಯ ಒಂದು ಕಣ್ಣಿಗೆ ನನ್ನ ನಾಲ್ಕು ಬೆರಳು ತೂರಿಸಿದ. ಅಳತೆ ತೆಗೆದು ಮಾಡಿಸಿದ ಬಳೆಯಂತೆ ಕೂತಿತು. ಅವನು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದ. ಆಮೇಲೆ ಆಯಿಯ ಹತ್ತಿರ ಹೋಗಿ, ಹನ್ನೊಂದು ಮನೆಯ ಮಂದಿ ನೋಡುತ್ತಿದ್ದಂತೆಯೇ, ತನ್ನ ಅಂಗೈಯನ್ನು ಅವಳ ಮುಖದೆದುರು ಹಿಡಿದು ಅತ್ತಿತ್ತ ಆಡಿಸಿದ. ಆಯಿಯ ಕಣ್ಣು ಅದರ ಹಿಂದೆ ಹೋಗಲಿಲ್ಲ.

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದ. ನ್ಯಾಯ ಹೇಳುವ ದನಿ ಎಲ್ಲೋ ಹೋಗಿತ್ತು. ಆಯಿ ತಲೆ ತಗ್ಗಿಸಿದಳು.

ಅಜ್ಜ ದುರ್ಗವ್ವನನ್ನು ಎಬ್ಬಿಸಿ ಎಲ್ಲರ ಕಡೆ ತಿರುಗಿದ.

"ಬಲಿ ಹುಟ್ಟಿದ್ದು ನಮ್ಮ ಮನ್ಯಾಗ. ನೋಡದs ಬಿಟ್ಟಾವ ನಾ. ಈ ತಂಗಿನ ಸುಳ್ಳಿ ಅಂದಾವನೂ ನಾ. ತಪ್ಪಾತವ್ವಾ ದುರ್ಗವ್ವಾ. ಮುಂದಿನ ಕುಬಸದ ತನಕ ನಮ್ಮ ಮನಿ ಹರಿಗೋಲು ಬೋರಲ ಬೀಳತೈತಿ."

ಅಪ್ಪ ಈಗ ಸಿಡಿಯುತ್ತಾನೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಅವನೋ, ಹೋಗಿ ನಮ್ಮ ಹರಿಗೋಲನ್ನು ತಾನೇ ದಡಕ್ಕೆಳೆದು ಬೋರಲು ಹಾಕಿದ. ಆಗ ಸಾಲಿನ ನಡುವಿನ ಮನೆಯ ಒಬ್ಬ ಹೆಂಗಸು, 'ಅಜ್ಜಾರ, ನಮ್ಮ ಬೆರಳೂ ನಿಮ್ಮಷ್ಟ ದಪ್ಪ ಇಲ್ಲಲ್ರಿ, ನಮ್ಮ ಬಲಿ ಹ್ಯಾಂಗ ಪಾಸಾದ್ವು?' ಎಂದು ಕೇಳಿದಳು. ಇನ್ನೊಬ್ಬಳು, ಅಜ್ಜ ಅಳತೆ ನೋಡುವ ಮುಂಚೆ ತಾನು ಕಣ್ಣುಗಳನ್ನು ಮೊಣಕಾಲಿಗೆ ಸಿಕ್ಕಿಸಿ ಜಗ್ಗಿ ಹಿಗ್ಗಿಸುತ್ತಿದ್ದೆನೆಂದು ಒಪ್ಪಿಕೊಂಡಳು. ಮೊದಲು ನಕ್ಕದ್ದು ದುರ್ಗವ್ವ. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು, ನಗು ತಡೆಯಲಾಗದೆ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಇಡೀ ದಡ ನಕ್ಕಿತು. ಹನ್ನೊಂದು ಮನೆಯವರು ತಲೆತಲಾಂತರದಿಂದ ನಾಲ್ಕು ಬೆರಳು, ನಾಲ್ಕು ಬೆರಳು ಎನ್ನುತ್ತ ಬಂದಿದ್ದೆವು. ಯಾರ ಬೆರಳು ಎಂದು ಒಬ್ಬರೂ ಕೇಳಿರಲಿಲ್ಲ. ಅಜ್ಜ ಆ ವಾರವೇ ಬಡಿಗೇರನಿಂದ ತನ್ನ ನಾಲ್ಕು ಬೆರಳಿನ ಅಳತೆಗೆ ಜಾಲಿ ಕಟ್ಟಿಗೆಯ ಹನ್ನೊಂದು ಪಟ್ಟಿ ಕೊಯ್ಯಿಸಿ, ದಾರವನ್ನು ಇನ್ನು ಅದಕ್ಕೇ ಸುತ್ತಬೇಕೆಂದು ಮನೆಗೊಂದು ಹಂಚಿದ. ಎಷ್ಟೋ ವರ್ಷಗಳ ಮೇಲೆ ದ್ವೀಪದ ಆ ಚಪ್ಪರದ ಕೆಳಗೆ, ಗೇಣಿಗಿಂತ ಸಣ್ಣ ಮೀನು ಹಿಡಿಯಬಾರದೆಂದು ಎಲ್ಲರೂ ಒಪ್ಪಿ ಕೈ ಎತ್ತಿದ್ದಾಗ, ಯಾರ ಗೇಣು ಎಂದು ನಾನು ಕೇಳಿದೆ. ಎಲ್ಲರೂ ತಂತಮ್ಮ ಅಂಗೈ ನೋಡಿಕೊಂಡು ನಗಲು ಶುರುಮಾಡಿದರು. ನಕಾಶೆ ತೆಗೆಸಿದ ಮುದುಕ ಎಲ್ಲರಿಗಿಂತ ಜೋರಾಗಿ ನಕ್ಕ. ನೌಕರಿಯುದ್ದಕ್ಕೂ ನಾನು ಮಾಡಿದ ಕೆಲಸವೆಂದರೆ ಆ ಪ್ರಶ್ನೆಯನ್ನು ಬೇರೆಬೇರೆ ದಡಗಳಲ್ಲಿ ಕೇಳಿದ್ದು, ಅಷ್ಟೆ.

ಆ ವರ್ಷ ನಾವು ಉಪವಾಸವೇನೂ ಬೀಳಲಿಲ್ಲ. ಅಪ್ಪ ಮಂಡಿಯ ಕೆಲಸವನ್ನೇ ಮುಂದುವರಿಸಿದ; ಅವ್ವ ಒಣಮೀನಿನ ಜೊತೆಗೆ ಕಾರವಾರದಿಂದ ಬರುವ ಬಂಗಡೆಯನ್ನೂ ಬುಟ್ಟಿಗೆ ಹಾಕಿಕೊಂಡಳು. ದುರ್ಗವ್ವ ವಾರಕ್ಕೊಮ್ಮೆ ಒಂದು ಮೀನು ತಂದು, ಬೇಡವೆಂದರೂ ಕೇಳದೆ ಹೊಸ್ತಿಲ ಮೇಲಿಟ್ಟು ಓಡಿಹೋಗುತ್ತಿದ್ದಳು. ಕೆರೆಯೂ ಬತ್ತಲಿಲ್ಲ. ನಾನು ದಿನಾ ಬೆಳಿಗ್ಗೆ ಏರಿ ಹತ್ತಿ ನೋಡಿ ಬರುತ್ತಿದ್ದೆ. ಬತ್ತಿದ್ದು ಆಯಿಯ ಮಾತು. ಅವತ್ತಿನಿಂದ ಅವಳು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ನೀಲಿ ಎಂದು ಕರೆಯುವುದನ್ನೇ ಬಿಟ್ಟಳು. ತಲೆ ಬಾಚಿಸಿಕೊಳ್ಳಲು ಅವಳೆದುರು ಹೋಗಿ ಕೂತರೆ ಬಾಚುತ್ತಿದ್ದಳು, ಹೆಣೆಯುತ್ತಿದ್ದಳು, ಬೆನ್ನು ತಟ್ಟದೆ ಎದ್ದುಹೋಗುತ್ತಿದ್ದಳು. ಆಣೆ ಮುರಿದವಳ ಜೊತೆ ಅವಳು ಇನ್ನು ಜೀವಮಾನದಲ್ಲಿ ಮಾತಾಡುವುದಿಲ್ಲ ಎಂದು ನಾನು ತಿಳಿದೆ. ದೀಪಾವಳಿಯ ಹೋಳಿಗೆಯನ್ನೂ ತಟ್ಟೆಯಲ್ಲೇ ಬಿಟ್ಟೆ. ಅವ್ವನಿಗೆ ನನ್ನ ತಟ್ಟೆ ನೋಡಿ ಚಿಂತೆ ಹತ್ತಿತು.

"ಆಯಿ ಕಣ್ಣಿನ ವಿಷಯ ಎಲ್ಲಾರ ಮುಂದ ಹೇಳಿಬಿಟ್ಟೆ, ಯವ್ವಾ. ನಿನಗೂ ಗೊತ್ತಾಗಿಬಿಡ್ತು," ಎಂದು ಒಂದು ದಿನ ಒಲೆಯ ಮುಂದೆ ಅತ್ತೆ.

"ನನಗ ಹ್ವಾದ ವರ್ಷs ಗೊತ್ತಿತ್ತ, ಹುಚ್ಚಿ. ಸಾರಿಗೆ ಎರಡೆರಡ ಸಲ ಉಪ್ಪ ಹಾಕತಿದ್ರು. ಅದಕ್ಕs ಉಪ್ಪಿನ ಡಬ್ಬಿ ದಿನಾ ಒಂದs ಜಾಗಾದಾಗ ಇಡತೇನಿ ನಾ. ಖಾರದ ಡಬ್ಬಿ ಬಾಯಿಗೆ ದಾರ ಸುತ್ತೇನಿ, ಅವರ ಕೈಗೆ ತಿಳೀಲಿ ಅಂತ."

"ಮತ್ತ ಯಾಕ ಸುಮ್ನಿದ್ದಿ?"

"ಅತ್ತಿ ತಾನs ಹೇಳದ ಮಾತು ಸೊಸಿ ಹ್ಯಾಂಗ ಹೇಳಬೇಕು? ಹೇಳಬೇಕಿತ್ತೋ ಏನೋ. ನನಗ ಆಗಲಿಲ್ಲ, ನಿನಗ ಆತು. ಈಗ ರೊಟ್ಟಿ ತಿನ್ನು."

ಕೆರೆಯ ಕೆಲಸವಿಲ್ಲದೆ ಅಜ್ಜನಿಗೆ ದಿನಗಳು ಖಾಲಿ ಬಿದ್ದಿದ್ದವು. ಅವನು ಆಯಿಯನ್ನು ಕರೆದುಕೊಂಡು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಹೋದ. ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರಂತೆ. ಎರಡು ವರ್ಷ ಅವಳು ಅಂಜಿಕೊಂಡು ಮುಚ್ಚಿಟ್ಟದ್ದು ಇಷ್ಟೇ ಆಗಿತ್ತು. ಆಪರೇಷನ್ ಆಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಳು. ಪಟ್ಟಿ ಬಿಚ್ಚುವ ದಿನ ಅಜ್ಜ ಮತ್ತೆ ಕರೆದುಕೊಂಡು ಹೋದ. ನಾನು ಸಾಲೆಗೆ ಹೋಗದೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಅಡಗಿಕೊಂಡಿದ್ದೆ. ಮಧ್ಯಾಹ್ನ ಅವಳ ದನಿ ಪಡಸಾಲೆಯಿಂದಲೇ ಕೇಳತೊಡಗಿತು.

"ಏನ ಜ್ಯಾಡರ ಬಲಿ ಇದು ತೊಲಿಗೆ! ಮನಿ ಅನ್ನೂದನ್ನ ಹಿಂಗ ಇಡತಾರೇನ? ಗ್ವಾಡಿ ನೋಡು, ಕರ್ರಗ ಆಗೇತಿ. ನೀವೂ ನೋಡ್ರಿ, ಯಾವಾಗ ಇಷ್ಟ ಮುದುಕ ಆದ್ರಿ? ಒಂದ ಮಾತರ ಹೇಳಬಾರದ?"

ಅಜ್ಜ ನಗುತ್ತಿದ್ದ. ಬೈಸಿಕೊಳ್ಳುತ್ತಿದ್ದ ಅವ್ವನೂ ನಗುತ್ತಿದ್ದಳು. ಆಯಿ ಕೋಣೆಯಿಂದ ಕೋಣೆಗೆ ಬೈಯುತ್ತ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ನಾನು ಒದ್ದೆ ಬಟ್ಟೆ ಹಿಡಿದು ನೆಲ ನೋಡುತ್ತ ನಿಂತೆ.

"ನೀಲೀ, ಬಾ ಇಲ್ಲೆ."

ಆ ಹೆಸರು ಅವಳ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತೋ. ಹತ್ತಿರ ಹೋದೆ. ತಲೆ ಎತ್ತಲಿಲ್ಲ.

"ಆಣಿ ಮುರದೀನಿ ಆಯೀ. ಸಿಟ್ಟ ಮಾಡಬ್ಯಾಡ."

"ಸಿಟ್ಟ?" ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ನನ್ನನ್ನು ಎಳೆದುಕೊಂಡಳು. "ನಿನ್ನ ಮ್ಯಾಲ ಯಾಕ ಸಿಟ್ಟವ್ವಾ? ಅಕಿ ದುರ್ಗವ್ವ ಯಕ್ಕಾ ಯಕ್ಕಾ ಅಂತ ಕೂಗಿದಾಗ ನಾ ಕಲ್ಲಿನಂಗ ನಿಂತಿದ್ನಿ. ಒಂದ ಮನಿ ಒಲಿ ಆರತಿತ್ತು, ನಾ ಸುಮ್ನ ನಿಂತಿದ್ನಿ. ಬಾಯಿ ಬಿಟ್ಟಾಕಿ ನೀ. ಅವತ್ತಿಂದ ನಿನ್ನ ಮಾರಿ ಮುಂದ ಮಾರಿ ಹಿಡಿಯಾಕ ನನಗ ನಾಚಿಕಿ ಬರತಿತ್ತು."

ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ಹೊಸದಾಗಿ ಬಂದ ಕಣ್ಣುಗಳು ಕೆಂಪಾಗಿದ್ದವು, ನೀರು ಸುರಿಯುತ್ತಿತ್ತು. ಆದರೂ ಮಿಟುಕಿಸದೆ ನೋಡಿದಳು.

"ಕಣ್ಣ ಇಲ್ಲದಾಗ ತಪ್ಪಿಸಿಕೊಂಡ ಅಡ್ಡಾಡಿದ್ನಿ. ಈಗ ಕಾಣಾಕತ್ತೇತಿ. ಈಗೂ ನಿನ್ನ ನೋಡಲಿಲ್ಲಂದ್ರ ಈ ಕಣ್ಣ ತೊಗೊಂಡ ಏನ ಮಾಡಲಿ?"

ನಾನು ಅವಳ ತೊಡೆಯ ಮೇಲೆ ಬಿದ್ದು ಅತ್ತೆ, ಎದೆಯ ಮೇಲಿನ ಕಲ್ಲು ಇಳಿಯುವ ತನಕ ಅತ್ತೆ. ಅವಳು ಬೆನ್ನು ತಟ್ಟುತ್ತಲೇ ಇದ್ದಳು. ಆಮೇಲೆ ಒಳಗೆ ಹೋಗಿ ತಟ್ಟೆಯ ಮುಂದೆ ಕೂತೆ. ಅವತ್ತೂ ಪುಂಡಿಪಲ್ಯವೇ ಇತ್ತು. ಮೂರು ರೊಟ್ಟಿ ತಿಂದೆ. ನಾಲ್ಕನೆಯದನ್ನು ಆಯಿ ಕೇಳದೆಯೇ ಹಾಕಿ, ಕೊನೆಯ ತುತ್ತಿನ ತನಕ ನೋಡುತ್ತ ಕೂತಳು.